ಮಾಬ್ಲನ ಕಾರಿಗೆ ದೇವಿ ಹೊಲಿದ ಟಾಪು

"ಈ ಕಾರಿಗೊಂದು ಟಾಪು ಹೊಲಿದು ಕೊಡೂರು ಭೂಮಿ ಮೇಲೆ ಯಾರೂ ಇಲ್ವಾ?"

ಕೇಳಿದವನ ಎದುರು ಯಾರೂ ಇರಲಿಲ್ಲ. ಶರಾವತಿ ಇತ್ತು, ಅದರಾಚೆ ಹೊನ್ನಾವರ ಇತ್ತು. ಆದರೆ ಕಾಸರಕೋಡಿನ ದಡದಲ್ಲಿ ಒಣಹಾಕಿದ್ದ ದೊಡ್ಡ ಹಾಯಿಯ ಮರೆಯಿಂದ ಉತ್ತರ ಬಂತು.

"ಇದ್ದಾರೆ. ಬಟ್ಟೆ ನೀವು ತಂದ್ಕೊಟ್ರೆ ಆತು."

ಹಾಯಿ ಸರಿಯಿತು. ಅಂಗೈಗೆ ಚರ್ಮದ ಪಟ್ಟಿ ಕಟ್ಟಿ, ಬೆರಳುದ್ದದ ಸೂಜಿ ಹಿಡಿದು ಕೂತಿದ್ದವಳು ದೇವಿ. ಅವನು ನೋಡಿದ. ಅವಳ ಸೂಜಿ ಯಾಕೋ ಅರ್ಧದಲ್ಲೇ ನಿಂತಿತು...

ಅದು ಅರವತ್ತೊಂದನೆಯ ಇಸವಿ, ಚೌತಿ ಕಳೆದ ವಾರ. ಮಾಬ್ಲ ಕುಮಟೆಯ ಗ್ಯಾರೇಜೊಂದರ ಮೇಸ್ತ್ರಿ. ಮೀನುಗಾರರ ಮನೆಯ ಹುಡುಗನೇ, ಆದರೆ ದೋಣಿ ಬಿಟ್ಟು ಸ್ಪಾನರ್ ಹಿಡಿದವ. ಅವನ ಕಾರು ಮೂವತ್ತನಾಲ್ಕರ ಆಸ್ಟಿನ್. ಮಾವಳ್ಳಿಯ ತೆಂಗಿನಕಾಯಿ ಕೊಟ್ಟಿಗೆಯಲ್ಲಿ ಹನ್ನೊಂದು ವರ್ಷ ಬಿದ್ದಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕೂರುತ್ತಿತ್ತು.

ಮಾಬ್ಲ ಎರಡು ವರ್ಷ ಅದರ ಹಿಂದೆ ಬಿದ್ದ. ಒಂದೊಂದು ನಟ್ಟನ್ನೂ ಸೀಮೆಎಣ್ಣೆಯಲ್ಲಿ ತೊಳೆದ. ತುಕ್ಕು ಹತ್ತದಂತೆ, ದೋಣಿಗೆ ಹಚ್ಚುವ ಮೀನೆಣ್ಣೆಯನ್ನೇ ಕಾರಿನ ಅಡಿಭಾಗಕ್ಕೆ ಬಳಿದ. ಕೊಳೆತ ಬಾಗಿಲ ಚೌಕಟ್ಟಿಗೆ ಕಾಸರಕೋಡಿನ ದೋಣಿ ಆಚಾರಿಯಿಂದ ಹೊನ್ನೆಮರ ಹಾಕಿಸಿದ. ಕಾರು ಹುಟ್ಟಿದಾಗ ಹೇಗಿತ್ತೋ ಹಾಗೇ ಆಗಬೇಕೆಂಬುದು ಅವನ ಹಟ. ಉಳಿದದ್ದು ಮೇಲಿನ ಟಾಪು. ಆ ದಪ್ಪ ಕ್ಯಾನ್ವಾಸ್ ಮುಟ್ಟಿ ನೋಡಿದ ಕುಮಟೆಯ ದರ್ಜಿಗಳೆಲ್ಲ ಆಗದೆಂದು ತಲೆಯಾಡಿಸಿಬಿಟ್ಟಿದ್ದರು.

ದೇವಿಯ ಅಪ್ಪ ದುರ್ಗಪ್ಪ ಹೆಸರಾಂತ ಹಾಯಿ ಹೊಲಿಯುವವ. ಅವನ ಕಣ್ಣು ಮಂಜಾಗಿ ನಾಲ್ಕು ವರ್ಷ. ಅಂದಿನಿಂದ ಹೊಲಿಗೆ ಮಗಳದು, ಹೆಸರು ಅಪ್ಪನದು. ಹೆಣ್ಣು ಹೊಲಿದ ಹಾಯಿ ಎಂದರೆ ದೋಣಿಯವರು ಒಪ್ಪುವರೋ ಇಲ್ಲವೋ ಎಂಬ ಅಳುಕು. ಅವಳದೇ ಹೆಸರಿಗೆ ಬಂದ ಮೊದಲ ಕೆಲಸ ಈ ಟಾಪು.

ಮಾಬ್ಲ ಮೂರು ಸೋಮವಾರ ಅಳತೆಯ ನೆಪದಲ್ಲಿ ಬಂದ. ಜಗಲಿಯಲ್ಲಿ ದುರ್ಗಪ್ಪ ಭಾರತದ ಪದ್ಯ ಹೇಳುತ್ತಿದ್ದರೆ, ಒಂದೊಂದು ಪದ್ಯ ಮುಗಿದಾಗ ದೇವಿ ಒಂದೊಂದು ಗಂಟು ಹಾಕುವಳು. ಇದನ್ನು ಗಮನಿಸಿದ ಮಾಬ್ಲ, ಗಂಟು ಬೀಳುವವರೆಗೂ ತುಟಿ ಬಿಚ್ಚುತ್ತಿರಲಿಲ್ಲ.

'ಪದ್ಯದ ನಡುವೆ ಬಾಯಿ ಹಾಕದ ಗಂಡಸು...' ದೇವಿ ತಲೆ ತಗ್ಗಿಸಿ ನಕ್ಕಳು.

ನಾಲ್ಕನೆಯ ಸೋಮವಾರ ಟಾಪು ಏರಿತು. ಮಾಬ್ಲ ದಡದ ರಸ್ತೆಯಲ್ಲಿ ಕಾರು ಬಿಟ್ಟ. ವೇಗ ಹೆಚ್ಚಿದ್ದೇ ತಡ, ಟಾಪು ಉಬ್ಬಿ ಗೋಪುರದಂತೆ ಎದ್ದು ನಿಂತಿತು.

ದೇವಿಗೆ ತನ್ನ ತಪ್ಪು ಹೊಳೆಯಿತು. ಕೈ ತನಗೆ ಗೊತ್ತಿದ್ದುದನ್ನೇ ಮಾಡಿತ್ತು. ಗಾಳಿ ತುಂಬಲೆಂದು ಹಾಯಿಯ ಪ್ರತಿ ಹೊಲಿಗೆಯಲ್ಲೂ ಬಿಡುವ ಸಡಿಲವನ್ನು ಇಲ್ಲೂ ಬಿಟ್ಟಿತ್ತು!

"ಏ ಮಾಬ್ಲ, ನಿಂಗೆ ಪೆಟ್ರೋಲ್ ಎಂತಕ್ಕೆ ಮಾರಾಯ? ಗಾಳಿ ಸಾಕಲ್ಲ," ಎಂದು ದಡದಲ್ಲಿದ್ದ ದೋಣಿಯವ ಶುಕ್ರ ಕೂಗಿದ. ಎಲ್ಲರೂ ನಕ್ಕರು. ಮಾಬ್ಲನೂ ನಕ್ಕ.

ಆ ಒಂದು ನಗು ದೇವಿಗೆ ಸೂಜಿಯಾಗಿ ಚುಚ್ಚಿತು. ಮನೆಯೊಳಗೆ ಹೋದವಳು ಅವನು ಕರೆದರೂ ಹೊರಗೆ ಬರಲಿಲ್ಲ.

ಮುಂದೆ ಎರಡು ಸೋಮವಾರ ಅವನು ಬರಲಿಲ್ಲ. ಕುಮಟೆಯ ಸಂತೆಗೆ ಒಣಮೀನು ಒಯ್ಯುವ ನೆರೆಮನೆಯ ದುರ್ಗಮ್ಮ ಬುಟ್ಟಿ ಇಳಿಸುತ್ತ ಸುದ್ದಿ ಹೇಳಿದಳು.

"ನಿನ್ನ ಟಾಪು ಕಿತ್ತಿಟ್ಟಿದಾನೆ ಹುಡ್ಗಿ. ಕಾರು ಬೋಳಾಗಿ ನಿಂತದೆ."

'ಎರಡು ವರ್ಷದ ತಪಸ್ಸು ಅವನದು. ನಾನು ಕೆಡಿಸಿದೆ...'

ಭಟ್ಕಳದಿಂದ ಸಂಬಂಧವೊಂದು ಬಂದಿತ್ತು. ಶುಕ್ರವಾರ ಉತ್ತರ ಕೇಳಲು ಬರುವವರಿದ್ದರು. ಒಪ್ಪಿಗೆ ಎಂದು ಈಗಲೇ ಹೇಳಿ ಕಳಿಸೆಂದು ಅಪ್ಪನಿಗೆ ಹೇಳಿದಳು ದೇವಿ. ಮಗಳ ದನಿಯಲ್ಲೇ ಎಲ್ಲ ಕಂಡ ದುರ್ಗಪ್ಪ, ಅವರು ಬರಲಿ, ಆಮೇಲೆ ನೋಡುವ ಎಂದಷ್ಟೇ ಹೇಳಿದ.

ಗುರುವಾರ ಮಧ್ಯಾಹ್ನ ಅಂಗಳದಲ್ಲಿ ಹಾರ್ನ್ ಕೇಳಿಸಿತು.

ಟಾಪು ಕಾರಿನ ಮೇಲೆಯೇ ಇತ್ತು. ಆದರೆ ಅದನ್ನು ಹೊರುವ ಹಳೆಯ ಕಬ್ಬಿಣದ ಕಮಾನುಗಳಿರಲಿಲ್ಲ. ಅವುಗಳ ಜಾಗದಲ್ಲಿ ಅವಕ್ಕಿಂತ ಒಂದು ಗೇಣು ಹೆಚ್ಚು ಎತ್ತರದ, ದುಂಡನೆಯ ಬೆತ್ತದ ಕಮಾನುಗಳು. ಅವಳು ಬಿಟ್ಟ ಸಡಿಲವೆಲ್ಲ ಅವುಗಳ ಮೇಲೆ ಹದವಾಗಿ ಕೂತಿತ್ತು.

"ಬೆತ್ತ ನೆನೆಸಿ ಬಾಗಿಸೂಕೆ ಎರಡು ವಾರ ಹಿಡೀತು," ಅಂದ ಮಾಬ್ಲ.

"ಕಾರು ಮೊದಲಿದ್ದ ಹಾಗೇ ಇರ್ಬೇಕು ಅಂದಿದ್ರಲ್ಲ?"

"ಅಂದಿದ್ದೆ. ಆಗ ನಿನ್ನ ಹೊಲಿಗೆ ಕಂಡಿರಲಿಲ್ಲ."

"ಅವತ್ತು ನೀವೂ ನಕ್ಕಿದ್ರಿ..."

"ಖುಷಿಗೆ ನಕ್ಕದ್ದು ದೇವಿ. ನನ್ನ ಕಾರಿಗೆ ಹಾಯಿ ಬಂತಲ್ಲ ಅಂತ." ಅವನ ದನಿ ತಗ್ಗಿತು. "ನಾಳೆ ಭಟ್ಕಳದವ್ರು ಬತ್ತಾರಂತೆ, ದುರ್ಗಮ್ಮ ಹೇಳಿದ್ಳು. ಅದ್ಕೆ ಇವತ್ತೇ ಬಂದೆ. ಅಪ್ಪನ್ನ ಆಮೇಲೆ ಕೇಳ್ತೆ, ಮೊದಲು ನಿನ್ನ ಕೇಳ್ತೆ. ನನ್ನ ಜೊತೆ ಕುಮಟೆಗೆ ಬತ್ಯಾ?"

ಹೊಳೆಯ ಗಾಳಿಗೆ ಟಾಪಿನ ಒಂದು ಮೂಲೆ ಇನ್ನೂ ಸಣ್ಣಗೆ ಉಬ್ಬಿ ಇಳಿಯುತ್ತಿತ್ತು. ದೇವಿ ಹೋಗಿ ಅದನ್ನು ಮುಟ್ಟಿದಳು.

"ಈ ಮೂಲೆ ಸರಿ ಆಗ್ಲಿಲ್ಲ. ಬಿಚ್ಚಿ ಕೊಡಿ, ಮತ್ತೆ ಹೊಲಿತೆ. ಇದರಡಿ ಕೂತು ನಾ ನಿಮ್ಮನೆಗೆ ಬರೂ ದಿನ ಜನ ನಗೂದು ಬ್ಯಾಡ."

ಮಾಬ್ಲನಿಗೆ ಅವಳು ಹೇಳಿದ್ದೇನೆಂದು ತಿಳಿಯಲು ಒಂದು ಗಳಿಗೆ ಹಿಡಿಯಿತು. ತಿಳಿದಾಗ ಅವನ ಕಣ್ಣು ತುಂಬಿತು. ಆ ಮೂಲೆಯ ಮೇಲಿದ್ದ ಅವಳ ಕೈಮೇಲೆ ತನ್ನ ಕೈಯಿಟ್ಟ.

"ಇಲ್ಲ," ಅಂದ. "ಬಿಚ್ಚಿ ಕೊಡೂದಿಲ್ಲ. ನೀ ಹೊಲಿದದ್ದು ಹೀಗೇ ಇರ್ಲಿ."