ಬಸ್ಸಮ್ಮ ಸುಲಿದ ತತ್ತಿ

"ಅಕ್ಕೋರೆ, ಹುಡುಗರ ತತ್ತಿ ಕಚ್ಚಿ ತಿಂತಾಳ ಅಂತ ನನ್ನ ಕೆಲ್ಸದಿಂದ ತೆಗ್ಯಾಕತ್ತಾರ್ರೀ!"

ಬಸ್ಸಮ್ಮ ಹೀಗಂದು ಕಟ್ಟೆಯ ಮೇಲೆ ಕುಸಿದಾಗ ನಾನೂ ಗುರುಲಿಂಗಮ್ಮನವರೂ ಚಹಾ ಕುಡಿಯುತ್ತಿದ್ದೆವು. ಅವರು ಮಸ್ಕಿಯ ನಮ್ಮ ಓಣಿಯ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ನಾನು ಜಿಲಾನಿಸಾಬ್, ಅದೇ ಶಾಲೆಯ ಜವಾನನಾಗಿದ್ದವನು. ಓಣಿಯಲ್ಲಿ ಏನು ಕಳುವಾದರೂ ಜನ ಠಾಣೆಗಿಂತ ಮೊದಲು ಈ ಕಟ್ಟೆಗೆ ಬರುತ್ತಿದ್ದರು.

ಬಸ್ಸಮ್ಮ ಇಪ್ಪತ್ತು ವರ್ಷದಿಂದ ಶಾಲೆಯ ಅಡುಗೆಯವಳು. ಹಿಂದಿನ ದಿನ, ಶುಕ್ರವಾರ, ಅವಳು ಬಡಿಸಿದ ಮೊಟ್ಟೆಗಳ ಮೈತುಂಬ ಗುಳಿ ಬಿದ್ದಿದ್ದವು. ಹೆಡ್ಮಾಸ್ತರ ಚನ್ನವೀರ ಎಲ್ಲರೆದುರು ಬೈದು, ಸೋಮವಾರದಿಂದ ಬರಬೇಡ ಎಂದಿದ್ದ.

"'ಅಜ್ಜಿನ ಕಚ್ಚ್ಯಾಳ' ಅಂತ ಮೊದ್ಲು ಕೂಗಿದಾಕಿ ನನ್ನ ಮಮ್ಮಗಳು ಅಮರೇಶ್ವರಿರೀ" ಎಂದು ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಚಹಾ ಕೆಳಗಿಟ್ಟು ಎದ್ದೆ.

ಆಗಲೇ ಶಾಲೆಗೆ ಹೋದೆವು. "ಹೆಂಗ ಸುಲಿದಿ?" ಎಂದು ಗುರುಲಿಂಗಮ್ಮ ಕೇಳಿದರು.

"ದಿನಾ ಮಾಡಿದಂಗ ರೀ. ಕುದಿಸಿ ತಣ್ಣೀರಿಗೆ ಹಾಕಿ, ದಪ್ಪ ತುದಿ ಕುಟ್ಟಿ, ನೀರಾಗ ಸುಲಿದೆ. ನಿನ್ನೆ ಮಾತ್ರ ಸಿಪ್ಪಿ ಬಿಡಲಿಲ್ಲ."

ತಿಪ್ಪೆಯಲ್ಲಿದ್ದ ಸಿಪ್ಪೆ ಚೂರುಚೂರಾಗಿತ್ತು, ಚೂರಿಗೆಲ್ಲ ಬಿಳಿಭಾಗ ಅಂಟಿತ್ತು. ಶಾಲೆಯ ಕಪಾಟಿನಲ್ಲಿ ಉಳಿದಿದ್ದ ಮೂರು ಹಸಿ ಮೊಟ್ಟೆಗಳನ್ನು ಗುರುಲಿಂಗಮ್ಮ ಬಕೆಟ್ಟಿನ ನೀರಿಗೆ ಬಿಟ್ಟರು. ಮೂರೂ ತಳದಲ್ಲಿ ಅಡ್ಡ ಮಲಗಿದವು. ಅವರು ಚನ್ನವೀರನತ್ತ ತಿರುಗಿದರು.

"ಇವು ಯಾವಾಗ ಬಂದಾವ್ರೀ ಮಾಸ್ತರ?"

"ಹತ್ತು ದಿನ ಆತ್ರೀ. ಕಪಾಟಿನ ಚಾವಿ ನನ್ನ ಕಡೆನ ಐತಿ" ಎಂದ ಚನ್ನವೀರ. "ನಾವಂತೂ ತತ್ತಿ ಮುಟ್ಟದ ಮನಿಯವ್ರು."

ಸೋಮವಾರ ಪಡಸಾಲೆಯಲ್ಲಿ ಪಾಲಕರು, ಮಾಸ್ತರರು ಎಲ್ಲ ಸೇರಿದರು. ಗುರುಲಿಂಗಮ್ಮ ಎರಡು ಮೊಟ್ಟೆ ತರಿಸಿದ್ದರು: ಒಂದು ಅಂಗಡಿಯಲ್ಲಿ ಹತ್ತು ದಿನ ಇದ್ದದ್ದು, ಇನ್ನೊಂದು ಬೆಳಿಗ್ಗೆ ನನ್ನ ಕೋಳಿ ಇಟ್ಟದ್ದು. ಬಸ್ಸಮ್ಮ ಎರಡನ್ನೂ ಒಂದೇ ಪಾತ್ರೆಯಲ್ಲಿ ಕುದಿಸಿ ಸುಲಿದಳು. ಹಳೆಯದು ನುಣ್ಣಗೆ ಬಂತು. ಹೊಸದರ ಮೈತುಂಬ ಗುಳಿ.

"ಈಗ ಇದನ್ನ ಯಾರು ಕಚ್ಚಿದ್ರಪಾ?" ಎಂದರು ಗುರುಲಿಂಗಮ್ಮ. "ತಾಜಾ ತತ್ತಿಯ ಪೊರಿ ಒಳಗಿನ ಬಿಳಿಗೆ ಅಂಟಿರ್ತೈತಿ, ಸುಲಿದ್ರ ಬಿಳಿನೂ ಕಿತ್ತು ಬರ್ತೈತಿ. ದಿನ ಕಳೆದಂಗ ಒಳಗ ಗಾಳಿ ಸೇರಿ ಪೊರಿ ಬಿಡತೈತಿ. ಹತ್ತು ದಿನದ್ದಾಗಿದ್ರ ನೀರಾಗ ತುದಿ ಎತ್ತಿ ನಿಲ್ತಿತ್ತು. ಅವು ಅಡ್ಡ ಮಲಗಿದ್ವು. ಅಂದ್ರ ಕಪಾಟಿನ್ಯಾಗ ಇದ್ದದ್ದು ಹತ್ತು ದಿನದ ತತ್ತಿ ಅಲ್ಲ. ಚಾವಿ ಮಾಸ್ತರ ಕಡೆ. ಹಳೇವು ಎಲ್ಲಿಗೆ ಹೋದವ್ರೀ?"

ಚನ್ನವೀರ ಕೊನೆಗೆ ಬಾಯಿಬಿಟ್ಟ. ಹಳೆಯ ಮೊಟ್ಟೆಗಳನ್ನು ಲಿಂಗಸುಗೂರಿನ ಭಾವನ ಖಾನಾವಳಿಗೆ ಸಾಗಿಸಿದ್ದ. ತಪಾಸಣೆಗೆ ಸಾಹೇಬರು ಬರುತ್ತಾರೆಂದು ತಿಳಿದು, ಶುಕ್ರವಾರ ಬೆಳಿಗ್ಗೆ ಸಿಂಧನೂರು ಕಡೆಯ ಕೋಳಿ ಫಾರಂನಿಂದ ಆಗಷ್ಟೇ ಇಟ್ಟವನ್ನು ತಂದು ತುಂಬಿಸಿದ್ದ.

"ಜೀವಮಾನದಾಗ ಒಂದು ತತ್ತಿ ಸುಲಿದಿಲ್ಲ ನೀವು, ಅದಕ್ಕ ಎಲ್ಲಾ ಒಂದ ಅನ್ಕೊಂಡ್ರಿ" ಎಂದರು ಗುರುಲಿಂಗಮ್ಮ. "ನಾನೂ ತಿನ್ನಾಕಿ ಅಲ್ಲ. ಆದ್ರ ಈಕಿ ಕೈ ನೋಡೀನಿ."

ಚನ್ನವೀರ ಅಮಾನತಾದ. ಪಾಲಕರು "ತಪ್ಪಾತವ್ವ" ಎಂದರು. ಬಸ್ಸಮ್ಮ ತಲೆಯಾಡಿಸಿದಳು, ಅಷ್ಟೇ. ನಾನು ಮೂರ್ಖ, ಎಲ್ಲ ಸರಿಹೋಯಿತೆಂದು ಹಿಗ್ಗಿದೆ.

ಮುಂದಿನ ಶುಕ್ರವಾರ ನೋಡಲು ಹೋದೆ. ಬಸ್ಸಮ್ಮ ಸಾಲಿನುದ್ದಕ್ಕೂ ಸಿಪ್ಪೆ ಸಮೇತ ಮೊಟ್ಟೆ ಇಡುತ್ತಿದ್ದಳು. ಅಮರೇಶ್ವರಿ ತಾಟು ಎತ್ತಿ ಹಿಡಿದು, "ಅಜ್ಜೀ, ನನಗರ ಸುಲಿದು ಕೊಡ" ಎಂದಳು.

"ನೀನ ಸುಲ್ಕೊ" ಎಂದು ಬಸ್ಸಮ್ಮ ತಾಟಿನಲ್ಲಿ ಇಡಿಯ ಮೊಟ್ಟೆ ಇಟ್ಟು, ಮುಂದಿನ ಹುಡುಗನ ಬಳಿಗೆ ಹೋದಳು.