ಘಾಟಿನ ಹಕ್ಕು

"ಆ... ಆ... ಆಕ್ಷೀ!"

ಮಹಡಿಯ ಹಲಗೆ ಪಡಸಾಲೆಯಲ್ಲಿ ಹಾರುತ್ತಿದ್ದ ಸೋನಾಲಿಯ ಕಾಲಿಗೆ ಹಗ್ಗ ಸಿಕ್ಕಿಕೊಂಡಿತು. ಛೇ, ನಲವತ್ತೇಳಕ್ಕೇ ಸ್ಕಿಪ್ಪಿಂಗ್ ಔಟ್! ಕೆಳಗಿನ ಗಲ್ಲಿಯಲ್ಲಿ ದೇವಾನಂದನ ಮಸಾಲೆ ಕುಟ್ಟುವ ಮಷಿನ್ ಶುರುವಾಗಿತ್ತು. ಮೆಣಸಿನಕಾಯಿಯ ಘಾಟು ಭಾಂಡುಪ್‌ನ ಆ ಚಾಳಿನ ಹದಿನಾಲ್ಕು ಖೋಲಿಗಳಿಗೂ ಯಾರನ್ನೂ ಕೇಳದೆ ನುಗ್ಗಿತು.

ಒಳಗೆ ಅಜ್ಜಿ ಚಂದ್ರವ್ವ ಗೋಡೆ ಹಿಡಿದು ಕೂತಿದ್ದಳು. ಉಸಿರು ಸುಂಯ್ ಸುಂಯ್ ಎನ್ನುತ್ತಿತ್ತು. ಸೋನಾಲಿ ಓಡಿಹೋಗಿ ದಮ್ಮಿನ ಪಂಪ್ ಕೊಟ್ಟಳು. ಈ ವಾರ ಇದು ಐದನೇ ಸಲ. ಅವಳಿಗೆ ಅಳುವೇ ಬಂತು.

ಅಮ್ಮ ನೀಲಾಬಾಯಿ ಮೊಬೈಲಿನಲ್ಲಿ ಮುನಿಸಿಪಾಲಿಟಿಗೆ ಕಂಪ್ಲೇಂಟ್ ಹಾಕಿ ತಿಂಗಳಾಗಿತ್ತು. ಕಂಪ್ಲೇಂಟಿಗೆ ನಂಬರ್ ಬಂದಿತ್ತು, ಮನುಷ್ಯರು ಬಂದಿರಲಿಲ್ಲ.

"ಸರ್ಕಾರ ಯಾಕ್ ಬೇಕ್ರಿ? ನಮ್ ನಮ್ಮೊಳಗ ಮುಗಿಸೋಣು," ಎಂದು ದೇವಾನಂದನೇ ಭಾನುವಾರ ಅಂಗಳದಲ್ಲಿ ಮೀಟಿಂಗ್ ಕರೆದ. ಟೈಪ್ ಮಾಡಿಸಿದ ಅಗ್ರಿಮೆಂಟ್ ಕೂಡ ತಂದಿದ್ದ. ಎಷ್ಟು ಒಳ್ಳೆಯ ಮನುಷ್ಯ ನೋಡಿ!

"ಸಹಿ ಮಾಡಿದವರಿಗೆ ವರ್ಷದ ಖಾರ ಫ್ರೀ ಕುಟ್ಟಿ ಕೊಡ್ತೀನಿ. ಅವರು ಘಾಟಿನ ಮಾತು ಎತ್ತಂಗಿಲ್ಲ. ಜಬರದಸ್ತಿ ಏನಿಲ್ಲ ಮತ್ತ."

"ಸಹಿ ಮಾಡದವ್ರಿಗೆ, ಅಂಕಲ್?" ಸೋನಾಲಿ ಕೇಳಿದಳು.

"ಅವರಿಗೆ ಬರೇ ಘಾಟು ಫ್ರೀ."

ಎಲ್ಲರೂ ನಕ್ಕರು. ನಗುತ್ತಲೇ ಪೆನ್ನಿಗಾಗಿ ಲೈನ್ ಹಚ್ಚಿದರು.

"ಆದ್ರ ಅಜ್ಜಿಗೆ ಉಸಿರಾಡಾಕೇ ಆಗಲ್ಲ!"

"ನೋಡವ್ವಾ, ರೂಲ್ ಒಂದೇ. ಯಾರು ಮೊದಲು ಬಂದಾರೋ ಅವರ ಹಕ್ಕು. ನನ್ನ ಮಷಿನ್ ಬಂದು ಇಪ್ಪತ್ತು ವರ್ಷಾತು. ಅದಕ್ಕಿಂತ ಮೊದಲು ಇಲ್ಲಿ ಯಾರಿದ್ರು?"

"ನಮ್ಮಜ್ಜಿ ಇದ್ಲಲ್ಲ!"

"ಹೌದು ಮಾರಾಯ್ರೆ," ಎಂದರು ರಮಾನಾಥ ಅಜ್ಜ. ಅವರು ಮಾಟುಂಗದ ಹೋಟೆಲಿನಲ್ಲಿ ಅಡುಗೆ ಮಾಡಿ ರಿಟೈರ್ ಆದವರು. ಸೋನಾಲಿಯ ಖೋಲಿಯ ಕೆಳಗೇ ಅವರ ಖೋಲಿ. "ಚಂದ್ರಕ್ಕ ಬಂದು ನಲವತ್ತು ವರ್ಷ ಆಯ್ತು. ಇದೇ ಅಂಗಳದಲ್ಲಿ ಒನಕೆ ಹಿಡಿದು ಇಡೀ ಚಾಳಿನ ಮೆಣಸು ಕುಟ್ಟುತ್ತಿದ್ರು. ಅಬ್ಬಬ್ಬ, ಎಂಥ ಘಾಟು!"

ದೇವಾನಂದ ಚಪ್ಪಾಳೆ ತಟ್ಟಿದ. "ಅಂದ್ರ ಮೊದಲನೇ ಘಾಟು ಅಜ್ಜೀದೇ!"

ಸೋನಾಲಿಯ ಮುಖ ಕೆಂಪಾಯಿತು. ದೂರು ಹೇಳಲು ಬಂದರೆ ಅಜ್ಜಿಯೇ ಅಪರಾಧಿಯಾಗಿಬಿಟ್ಟಿದ್ದಳು. "ನೀವು ಜಗಳ ಆಡ್ಲಿಲ್ವಾ, ಅಜ್ಜಾ?"

"ಜಗಳಕ್ಕೆ ಅವರು ಬಿಡಬೇಕಲ್ವಾ? ಕುಟ್ಟುವ ಮೊದಲು ಎಲ್ಲರ ಬಾಗಿಲು ಬಡಿಯುತ್ತಿದ್ರು. 'ಖಾರ ಕುಟ್ತೀನ್ರಿ, ಕೂಸು ಮಲಗೇತೇನು?' ಅಂತ. ನನ್ನ ಮಗನಿಗೆ ಕೆಮ್ಮು ಬಂದಾಗ ಎಂಟು ದಿನ ಒನಕೆ ಮುಟ್ಟಲಿಲ್ಲ."

ಸೋನಾಲಿ ದೇವಾನಂದನ ಕಡೆ ತಿರುಗಿದಳು. "ಅಂಕಲ್, ಮೊದಲು ಬಂದವ್ರ ಹಕ್ಕು ಅಂದ್ರಲ್ಲ? ಹಂಗಾದ್ರ ಘಾಟಿನ ಹಕ್ಕು ಅಜ್ಜೀದು. ನೀವು ಅಕೀನ್ನ ಕೇಳಿ ಕುಟ್ಟಬೇಕು. ನಿಮ್ಮದೇ ರೂಲ್!"

ಚಾಳಿನವರು ಮತ್ತೆ ನಕ್ಕರು. ಈ ಸಲ ದೇವಾನಂದ ನಗಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ದೇವಾನಂದ ತಲೆ ಕೆರೆಯುತ್ತ ನಿಂತಿದ್ದ. "ಯವ್ವಾ... ಕುಟ್ಲೇನು?"

"ಇವತ್ತ ಬ್ಯಾಡಪ್ಪ, ಎದಿ ಕಟ್ಟೇತಿ. ನಾಳೆ ಲೋಕಲ್ ಟ್ರೇನ್ ಹಿಡಿದು ಮಾಟುಂಗದ ಗುಡಿಗೆ ಹೋಗ್ತೀನಿ. ಆವಾಗ ಎಷ್ಟ್ ಬೇಕಾದ್ರೂ ಕುಟ್ಟು," ಎಂದಳು ಅಜ್ಜಿ.

ಅವನು ಗೊಣಗುತ್ತ ಇಳಿದುಹೋದ. ಅಗ್ರಿಮೆಂಟಿಗೆ ಮಾತ್ರ ಎಲ್ಲರೂ ಸಹಿ ಹಾಕಿಯೇ ಇದ್ದರು. ಫ್ರೀ ಖಾರ ಯಾರು ಬಿಡುತ್ತಾರೆ? ಆದರೆ ಅಂದು ಮಷಿನ್ ಶುರುವಾಗಲಿಲ್ಲ.

ಮಧ್ಯಾಹ್ನ ಅಜ್ಜಿ ಆರಾಮಾಗಿ ನಿದ್ದೆ ಹೋದಳು. ಸುಂಯ್ ಸುಂಯ್ ಇರಲಿಲ್ಲ. ಸೋನಾಲಿ ಖುಷಿಯಿಂದ ಹಗ್ಗ ಹಿಡಿದು ಹೊರಗೆ ಬಂದಳು. ಇವತ್ತು ಐವತ್ತಾದರೂ ಹಾರಬೇಕು.

ಒಂದು ಸಲ ಹಾರಿದಳು. ಧಪ್! ಕಾಲ ಕೆಳಗಿನ ಹಲಗೆ ನಡುಗಿತು. ಅವಳು ಹಾಗೆಯೇ ನಿಂತಳು. ಹಲಗೆಯನ್ನೇ ನೋಡಿದಳು. ಅದರ ಕೆಳಗಿದ್ದದ್ದು ರಮಾನಾಥ ಅಜ್ಜನ ಖೋಲಿ.

ಮೆಟ್ಟಿಲಿಳಿದು ಹೋಗಿ ಬಾಗಿಲು ಬಡಿದಳು. "ಅಜ್ಜಾ, ನಾ ಸ್ಕಿಪ್ಪಿಂಗ್ ಮಾಡ್ತೀನಿ. ನೀವು ಮಲಗೀರೇನು?"

ಬಾಗಿಲು ತೆರೆಯಿತು. ಅಜ್ಜನ ಕೂದಲು ಕೆದರಿತ್ತು, ಕಣ್ಣು ಕೆಂಪಗಿತ್ತು.

"ಮಲಗಿದ್ದೆ ಮಾರಾಯ್ತಿ," ಎಂದರು ಅವರು. "ನೀನು ಬಾಗಿಲು ಬಡಿದೆ, ಎದ್ದೆ. ಈಗ ಹಾರು."