ಮೊದಲ ಬಾಯಿ

"ಈ ಕಟ್ಟನ್ನ ಮೇಲಿಂದ ಕೆಳಕ್ಕೆ ಓದಬೇಡ. ನಾನು ಬರೋ ತನಕ ಅದರ ದಾರಾನೂ ಬಿಚ್ಚಬೇಡ," ಎಂದು ಪ್ರೂಫ್ ಅಜ್ಜ ಎರಡನೆಯ ಸಲ ಹೇಳಿದಾಗ ಗಿಣಿಗೆ ನಗು ತಡೆಯಲಾಗಲಿಲ್ಲ.

"ಅಜ್ಜಾ, ಒಳಗಿರೋದು ಪದ್ಯಾನೋ ಹಾವೋ?"

"ಹಾವಾಗಿದ್ರೆ ಒಂದು ಕೋಲು ಸಾಕಿತ್ತು."

ಅಜ್ಜ ನಗಲಿಲ್ಲ. ಮರುದಿನ ಅವನ ಕಣ್ಣಿನ ಆಪರೇಷನ್. ಕಟ್ಟನ್ನು ಕಪಾಟಿನ ಕೆಳಗಿನ ಖಾನೆಗೆ ತಳ್ಳಿ, ಅದರ ಮೇಲೆ ಎರಡು ದಪ್ಪ ನಿಘಂಟು ಹೇರಿ, ಕೊಡೆ ಹಿಡಿದು ಹೊರಟುಹೋದ.

ಅಚ್ಚುಮನೆಯ ಹಿಂದಿನ ಆ ಕೋಣೆಗೆ ಗಿಣಿ ಬಂದು ನಾಲ್ಕು ತಿಂಗಳಾಗಿತ್ತು. ಲೇಖಕರ ಕೈಬರಹವನ್ನು ಗಟ್ಟಿಯಾಗಿ ಓದುವುದು ಅವಳ ಕೆಲಸ. ಎದುರಿಗೆ ಕೂತ ಅಜ್ಜ ಕೇಳುತ್ತ, ಅಚ್ಚಿನ ಹಾಳೆಯ ಮೇಲೆ ಕೆಂಪು ಪೆನ್ನು ಆಡಿಸುತ್ತಿದ್ದ. ಕಾಮಾ ಬಂದರೆ ಕಾಮಾ ಎನ್ನಬೇಕು, ಸಾಲು ಮುರಿದರೆ ಹೊಸ ಸಾಲು ಎನ್ನಬೇಕು. ಕಾನೂನು ಪುಸ್ತಕವಾಗಲಿ ಔಷಧದ ಪಟ್ಟಿಯಾಗಲಿ, ಅವಳು ಒಂದೇ ಉಸಿರಿನಲ್ಲಿ ಉರುಹೊಡೆದಂತೆ ಓದಿಬಿಡುತ್ತಿದ್ದಳು. ಗಿಣಿ ಎಂಬ ಹೆಸರು ಬಂದದ್ದೇ ಹಾಗೆ.

ಆದರೆ ಈ ಒಬ್ಬ ಕವಿಯ ಪುಸ್ತಕಕ್ಕೆ ಮಾತ್ರ ಅಜ್ಜನ ಕ್ರಮವೇ ಬೇರೆಯಂತೆ. ಕೊನೆಯ ಸಾಲು ಮೊದಲು, ಆಮೇಲೆ ಅದರ ಮೇಲಿನದು, ಆಮೇಲೆ ಅದರ ಮೇಲಿನದು. ಹಾಗೆ ಓದಿದರೆ ಅರ್ಥ ಎಲ್ಲೂ ಕೂಡಿಕೊಳ್ಳುವುದಿಲ್ಲ. ತಪ್ಪು ಸಿಗುತ್ತದೆ, ಪದ್ಯ ಸಿಗುವುದಿಲ್ಲ.

"ಮುದುಕನಿಗೆ ಅರಳು ಮರಳು," ಎಂದುಕೊಂಡಳು ಗಿಣಿ.

ಮೂರನೆಯ ದಿನ ಮಧ್ಯಾಹ್ನ ಕವಿಯೇ ಬಂದ. ಒಣಗಿದ ಕಡ್ಡಿಯಂಥ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೂಗಿಗೆ ಒತ್ತಿಹಿಡಿದ ಕರವಸ್ತ್ರ. ಅವನ ಮೈಯಿಂದ ಸೋಪಿನ ವಾಸನೆ ಎಷ್ಟು ಗಾಢವಾಗಿ ಬರುತ್ತಿತ್ತೆಂದರೆ, ಅದರ ಕೆಳಗೆ ಏನನ್ನೋ ಮುಚ್ಚಿಟ್ಟಂತಿತ್ತು.

"ಅಜ್ಜ ಇಲ್ವಂತೆ. ಒಳ್ಳೇದೇ ಆಯ್ತು," ಎಂದ. ಮರುಕ್ಷಣ ತಿದ್ದಿಕೊಂಡ. "ಅಂದ್ರೆ, ಪಾಪ. ನಾನೇ ಪ್ರೂಫ್ ಹಿಡಿತೀನಮ್ಮ. ನೀವು ಓದಿ. ಮೇಲಿಂದ ಓದಿ, ಪದ್ಯ ಪದ್ಯದ ಹಾಗೆ."

"ಅಜ್ಜ ಬೇಡ ಅಂದಿದ್ರು. ಒಳಗಿರೋದು ಹಾವಿಗಿಂತ ಕೆಟ್ಟದ್ದಂತೆ," ಎಂದು ನಕ್ಕಳು ಗಿಣಿ.

ಕವಿಯೂ ನಕ್ಕ. "ನಿಮಗೆ ಭಯಾನಾ?"

ಅಷ್ಟು ಸಾಕಾಯಿತು. ಅವಳು ನಿಘಂಟುಗಳನ್ನು ಎತ್ತಿ ಪಕ್ಕಕ್ಕಿಟ್ಟು ಕಟ್ಟು ಬಿಚ್ಚಿದಳು. ದಾರವೆಂದುಕೊಂಡದ್ದು ದಾರವಲ್ಲ, ಹೊಸೆದ ಕೂದಲು. ಎಣ್ಣೆ ಹಿಡಿದು ಬೆರಳಿಗೆ ಅಂಟಿತು. ಮೊದಲ ಹಾಳೆಯಲ್ಲಿ 'ಒಲವಿನ, ಕನಸಿನ, ಬದುಕಿನ ಕತ್ತಲ ಮಗ್ಗುಲಿನ ಕವಿತೆಗಳು' ಎಂದು ಸೊಗಸಾದ ಅಕ್ಷರದಲ್ಲಿ ಬರೆದಿತ್ತು. ಹಾಳೆಗಳು ಎಂಜಲು ಒಣಗಿದ ತಟ್ಟೆಯಂತೆ ಬಿರುಸಾಗಿದ್ದವು.

ಅವಳು ಓದಿದಳು. ಮೊದಲ ಪದ್ಯದಲ್ಲಿ ಒಬ್ಬ ತನ್ನ ಪ್ರೇಯಸಿಯ ಬಾಯಿಗೆ ಮುತ್ತಿಡುತ್ತಾನೆ, ಒಳಗಿನಿಂದ ನೊಣ ಹಾರುತ್ತದೆ. ಎರಡನೆಯದರಲ್ಲಿ ಹಾಲಿನ ನದಿ, ದಡದಲ್ಲಿ ಕೀವು. ಮೂರನೆಯದನ್ನು ಮುಗಿಸುವಷ್ಟರಲ್ಲಿ ನಾಲಿಗೆಯ ಬುಡದಲ್ಲಿ ಏನೋ ಕೂತಂತಾಯಿತು. ಗಂಟಲು ಸರಿಮಾಡಿಕೊಂಡಳು. ಹೋಗಲಿಲ್ಲ. ಹೊರಗೆ ಯಂತ್ರ ಧಡ್ ಧಡ್ ಎಂದು ಬಡಿಯುತ್ತಿತ್ತು. ನಿಲ್ಲಿಸಬೇಕೆನ್ನಿಸಿತು, ಆದರೆ ಒಂದು ಸಾಲು ಇನ್ನೊಂದನ್ನು ಎಳೆದು ತರುತ್ತಿತ್ತು. ಕವಿಯ ಪೆನ್ನು ಒಂದು ತಪ್ಪನ್ನೂ ತಿದ್ದುತ್ತಿರಲಿಲ್ಲ. ಅವನು ಅವಳ ಬಾಯಿಯನ್ನೇ ನೋಡುತ್ತಿದ್ದ.

ಕೊನೆಯ ಪದ್ಯ, ಕೊನೆಯ ಸಾಲು, ಪೂರ್ಣವಿರಾಮ.

ಕವಿ ಕರವಸ್ತ್ರ ಕೆಳಗಿಟ್ಟ. ಅಜ್ಜನ ಮೇಜಿನ ಮೇಲೆ ಅವಳಿಗೆಂದು ತಂದಿಟ್ಟಿದ್ದ ಚಹಾ ಆರಿ ಕೆನೆಗಟ್ಟಿತ್ತು. ಅದನ್ನೆತ್ತಿ ಗಟಗಟನೆ ಕುಡಿದ. ಲೋಟದ ತಳವನ್ನು ಬೆರಳಿನಿಂದ ಬಳಿದು ನೆಕ್ಕಿದ. ಕಣ್ಣಲ್ಲಿ ನೀರು.

"ಹನ್ನೊಂದು ವರ್ಷ ಆಯ್ತಮ್ಮ," ಎಂದ, "ಚಹಾ ಚಹಾದ ಥರ ಇದ್ದು."

ಅಂದು ಸಂಜೆ ನಲ್ಲಿಯ ನೀರು ಕುಡಿದಾಗ ಗಿಣಿಗೆ ಇಲಿ ಸತ್ತ ವಾಸನೆ ಬಂತು. ತೊಟ್ಟಿ ತೊಳೆದಿಲ್ಲವೆಂದುಕೊಂಡಳು. ಮನೆಯಲ್ಲಿ ಅನ್ನದ ತುತ್ತಿನೊಳಗೆ ಕೂದಲು ಸಿಕ್ಕಿತು. ಎಳೆದಳು. ಬಂತು. ಇನ್ನೂ ಬಂತು. ಅಕ್ಕ ತಟ್ಟೆ ಎಳೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು.

"ಎಲ್ಲೇ ಕೂದಲು? ನನ್ನ ಅಡುಗೆಗೆ ಹೆಸರಿಡೋಕೆ ಇದೊಂದು ಹೊಸ ನೆಪ."

ಅಕ್ಕ ಎಂದರೆ ಗಿಣಿಗೆ ತಾಯಿಯ ಲೆಕ್ಕ. ಹೊಲಿಗೆ ಯಂತ್ರ ತುಳಿದು ತಂಗಿಯನ್ನು ಸಾಕಿದವಳು, ತಾನು ಮದುವೆಯಾಗದೆ ಉಳಿದವಳು. ಗಿಣಿಯ ಗಂಡ ಬಸುರಿ ಹೆಂಡತಿಯನ್ನು ಬಿಟ್ಟು ಇನ್ನೊಬ್ಬಳ ಹಿಂದೆ ಹೋದಾಗ, "ಪೀಡೆ ತೊಲಗಿತು, ಬಾರೇ ಒಳಗೆ" ಎಂದವಳೂ ಅವಳೇ. ಈಗ ಮಗುವಿಗೆ ಹತ್ತು ತಿಂಗಳು. ಹಗಲೆಲ್ಲ ದೊಡ್ಡಮ್ಮನ ಕಾಲ ಬಳಿ ಬಟ್ಟೆಚೂರುಗಳ ನಡುವೆ ಹೊರಳಾಡಿಕೊಂಡಿರುತ್ತಿತ್ತು. ಸಂಜೆ ತಾಯಿಯ ಚಪ್ಪಲಿ ಸದ್ದು ಕೇಳಿದರೆ ಎರಡೂ ಕೈ ಚಾಚುತ್ತಿತ್ತು.

ಐದನೆಯ ದಿನ ಹಾಗೆಯೇ ಚಾಚಿತು. ಗಿಣಿ ಎತ್ತಿಕೊಂಡು ನೆತ್ತಿಗೆ ಮೂಗಿಟ್ಟಳು. ಒಡನೆಯೇ ಮುಖ ಹಿಂದಕ್ಕೆಳೆದುಕೊಂಡಳು.

ಕೊಳೆತ ಮಾಂಸದ ನಾತ. ಮಗುವಿನ ನೆತ್ತಿಯಿಂದ, ಕತ್ತಿನ ಮಡಿಕೆಯಿಂದ, ಆ ಪುಟ್ಟ ಅಂಗೈಯಿಂದ. ಮಗು ಎರಡೇ ಹಲ್ಲಿನ ಬಾಯಿ ತೆರೆದು ನಕ್ಕಿತು. ಆ ಉಸಿರು ಮುಖಕ್ಕೆ ಬಡಿದದ್ದೇ ತಡ, ಅವಳು ಮಗುವನ್ನು ಚಾಪೆಯ ಮೇಲೆ ಹಾಕಿ ಬಚ್ಚಲಿಗೆ ಓಡಿ ವಾಂತಿ ಮಾಡಿದಳು. ಬಂದದ್ದು ಬರಿಯ ಹಳದಿ ನೀರು. ಆದರೆ ಅವಳ ಕಣ್ಣಿಗೆ ಅದರಲ್ಲಿ ಏನೇನೋ ಹರಿದಾಡಿತು.

"ಬಿಸಿಲಿಗೆ ಪಿತ್ತ ಏರಿದೆ," ಎಂದಳು ಅಕ್ಕ.

ಗಿಣಿ ಮಗುವಿಗೆ ಸ್ನಾನ ಮಾಡಿಸಿದಳು. ಒಮ್ಮೆ, ಆಮೇಲೆ ಇನ್ನೊಮ್ಮೆ. ಮರುದಿನ ನಾಲ್ಕು ಸಲ. ಸೋಪು ಸವೆದು ಚೂರಾಯಿತು, ನಾತ ಹೋಗಲಿಲ್ಲ. ಮಗುವಿನ ಚರ್ಮ ಕೆಂಪಗೆ ಸುಲಿದು, ಅದು ತಾಯಿಯನ್ನು ಕಂಡರೆ ಕೈ ಚಾಚುವುದನ್ನು ಬಿಟ್ಟಿತು.

ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಅಜ್ಜ ಕೆಲಸಕ್ಕೆ ಬಂದ ದಿನ, ಗಿಣಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೂತಿದ್ದಳು. ಅವನು ಅವಳನ್ನು ನೋಡಿದ. ಖಾಲಿ ಖಾನೆಯನ್ನು ನೋಡಿದ. ಕುರ್ಚಿ ಎಳೆದು ಧೊಪ್ಪನೆ ಕೂತ.

"ಪೂರ್ತಿ ಓದಿದ್ಯಾ?"

"ಹೂಂ."

"ಮೇಲಿಂದ?"

ಅವಳು ಕರವಸ್ತ್ರದ ಹಿಂದಿನಿಂದಲೇ ತಲೆಯಾಡಿಸಿದಳು.

"ಹರೆಯದಲ್ಲಿ ಅವನು ಯಾರದೋ ಬಾಯಿಂದ ಅನ್ನ ಕಿತ್ಕೊಂಡನಂತೆ," ಎಂದ ಅಜ್ಜ, ಮೇಜಿಗೇ ಹೇಳುವವನಂತೆ. "ಅವರು ಮಾಟ ಮಾಡಿಸಿದ್ರು. ನೀನು ತಿನ್ನೋದೆಲ್ಲ ಹೇಸಿಗೆ ಆಗ್ಲಿ, ನೀನು ಪ್ರೀತಿಸೋದೆಲ್ಲ ನಾರಲಿ ಅಂತ. ತೆಗೆಯೋದು ಯಾರ ಕೈಲೂ ಆಗ್ಲಿಲ್ಲ. ಇಳಿಸೋ ದಾರಿ ಒಬ್ಬ ಹೇಳ್ಕೊಟ್ಟ. ಒಳಗಿರೋದನ್ನೆಲ್ಲ ಬರೀಬೇಕು. ಆ ಕೈಬರಹ ನೋಡ್ಕೊಂಡು ಮೊದಲು ಯಾರು ಬಾಯಿಬಿಟ್ಟು ಮೇಲಿಂದ ಓದ್ತಾರೋ, ಅವರಿಗೆ ಇಳಿಯುತ್ತೆ. ಅಚ್ಚಾದ ಮೇಲೆ ಅದು ಬರೀ ಸಿಪ್ಪೆ, ಸಾವಿರ ಜನ ಓದಿದ್ರೂ ಏನಾಗಲ್ಲ. ಬೇರೆ ಕಡೆ ಕೊಟ್ಟು ಇನ್ಯಾರದೋ ಬಾಯಿ ಕೆಡೋದು ಬೇಡ ಅಂತಲೇ ನಾನು ಅವನ ಕೆಲಸ ಇಲ್ಲಿಗೆ ಇಸ್ಕೊಳ್ತಿದ್ದೆ."

"ನಿಮಗೆ ಇದೆಲ್ಲ ಹೇಗೆ ಗೊತ್ತು?"

"ಅವನ ಮೊದಲನೇ ಪುಸ್ತಕ ಓದಿದ್ದು ನನ್ನ ಹೆಂಡತಿ. ನೀನು ಕೂತಿದ್ದೀಯಲ್ಲ, ಅದೇ ಕುರ್ಚಿ." ಅಜ್ಜ ಪಟ್ಟಿಯಿಲ್ಲದ ಕಣ್ಣನ್ನು ಒರೆಸಿಕೊಂಡ. "ಎರಡು ತಿಂಗಳು ನನ್ನ ಹತ್ರ ಬರೋಕೆ ಆಗ್ತಿರಲಿಲ್ಲ ಅವಳಿಗೆ. ಆಮೇಲೆ ತಿನ್ನೋದೇ ಬಿಟ್ಟಳು."

"ಈಗ ಕೆಳಗಿಂದ ಓದಿದ್ರೆ?"

"ಒಡೆದ ಹಾಲು ಮತ್ತೆ ಹಾಲಾಗುತ್ತಾ ಮಗಳೇ? ಅವನಲ್ಲಿರೋದು ಬೇರು, ಮತ್ತೆ ಚಿಗುರುತ್ತೆ. ನಿನಗೆ ಬಂದಿರೋದು ಕೊಂಬೆ, ಒಮ್ಮೆ ಇಳಿದ್ರೆ ಇಳಿದ ಹಾಗೆ. ಆದ್ರೆ..." ಮಾತು ಅಲ್ಲಿಗೇ ನುಂಗಿದ. ಅವನು ನುಂಗಿದ್ದು ಅವಳಿಗೆ ಕೇಳಿಸಿತು. ಇಳಿಸಲು ಇನ್ನೊಂದು ಬಾಯಿ ಬೇಕು.

ಆ ಭಾನುವಾರ ಬೆಳಗ್ಗೆ ಅವಳು ಕುದಿಯುವ ನೀರಿನ ಹಂಡೆಯ ಮುಂದೆ ಮಗುವನ್ನು ಹಿಡಿದು ನಿಂತಿದ್ದಳು. ಯಾವಾಗ ಬಂದು ನಿಂತಳೋ ಅವಳಿಗೇ ತಿಳಿಯದು. ತಣ್ಣೀರಿಗೆ ಹೋಗದ ಕೊಳೆ ಬಿಸಿನೀರಿಗೆ ಹೋಗುತ್ತದೆ ಎಂದು ನಾಲಿಗೆಯ ಬುಡದಲ್ಲಿ ಕೂತದ್ದು ಹೇಳುತ್ತಿತ್ತು. ಸರಿಯಾದ ಮಾತೇ ಅನ್ನಿಸಿತ್ತು. ಅಕ್ಕ ಹಿಂದಿನಿಂದ ಬಂದು ಮಗುವನ್ನು ಕಿತ್ತುಕೊಂಡು, ತಂಗಿಯ ಕೆನ್ನೆಗೆ ರಪ್ಪನೆ ಬಾರಿಸಿದಳು. ಜೀವಮಾನದಲ್ಲಿ ಅದೇ ಮೊದಲ ಏಟು.

"ಇನ್ಮೇಲೆ ಮಗೂನ ಮುಟ್ಟಿದ್ರೆ ಕೈ ಮುರಿತೀನಿ!"

ಮಗುವನ್ನು ಎದೆಗವುಚಿಕೊಂಡು ಅಕ್ಕ ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಗಿಣಿ ಬಚ್ಚಲ ಗೋಡೆಗೆ ಒರಗಿ ಕುಸಿದಳು. ಅಕ್ಕ ಒಂದು ನಿಮಿಷ ತಡವಾಗಿ ಬಂದಿದ್ದರೆ? ನಾಳೆ ಅಕ್ಕ ಹೊಲಿದ ಬಟ್ಟೆ ಕೊಡಲು ಹೊರಗೆ ಹೋಗಿದ್ದಾಗ? ಅಂದೇ ಅವಳು ನೋಟುಪುಸ್ತಕ ತೆರೆದಳು.

ಅವಳೇನು ಕವಿಯಲ್ಲ. ಆದರೂ ಬಂತು. ವಾಂತಿ ಬರುವಂತೆ ಬಂತು, ತಡೆದರೆ ಮೂಗಿನಿಂದ ಬರುವಂತೆ. ಮೂರು ಹಗಲು ಕೆಲಸಕ್ಕೆ ಹೋಗದೆ ಬರೆದಳು. ಮಗುವಿನ ನಾತ, ಅನ್ನದ ಕೂದಲು, ಅಕ್ಕನ ಕೈಯಿಂದ ತೊಟ್ಟಿಕ್ಕುವಂತೆ ಕಾಣುತ್ತಿದ್ದ ಜಿಡ್ಡು, ಎಲ್ಲವೂ ಸಾಲಾಗಿ, ಚೆಂದವಾಗಿ, ಪ್ರಾಸ ಕೂಡಿಸಿಕೊಂಡು ಬಂದವು. ಆ ಚೆಂದವೇ ಎಲ್ಲಕ್ಕಿಂತ ಹೇಸಿಗೆಯಾಗಿತ್ತು.

ನಾಲ್ಕನೆಯ ಬೆಳಗ್ಗೆ ಮುಗಿಯಿತು. ಪೇಟೆಯ ಆಚೆ ತುದಿಯಲ್ಲಿ ಇನ್ನೊಂದು ಅಚ್ಚುಮನೆಯಿದೆ, ಅಲ್ಲೂ ಓದುವ ಹುಡುಗಿಯೊಬ್ಬಳಿದ್ದಾಳೆ ಎಂದು ಅವಳಿಗೆ ಗೊತ್ತಿತ್ತು. ಮುಖ ನೋಡಿರಲಿಲ್ಲ. ನೋಡದ ಮುಖಕ್ಕೆ ಮರುಕ ಪಡುವುದು ಕಷ್ಟ, ಹಾಗಾಗಿ ಗಿಣಿ ಪಡಲಿಲ್ಲ. ಪುಸ್ತಕವನ್ನು ಹೊಲಿಗೆ ಯಂತ್ರದ ಮೇಲಿಟ್ಟು, ಮೂರು ದಿನದ ಬಟ್ಟೆ ಒಗೆದು ಸ್ನಾನ ಮಾಡಲು ಬಚ್ಚಲಿಗೆ ಹೋದಳು.

ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದವಳು ಥಟ್ಟನೆ ನಿಂತಳು.

ತುಟಿಗೆ ತಗುಲಿದ ನೀರು. ನಾಲಿಗೆಯಿಂದ ಮುಟ್ಟಿದಳು. ನೀರು! ಬರಿಯ ನೀರು. ಬೊಗಸೆಯಲ್ಲಿ ತುಂಬಿ ಕುಡಿದಳು. ತಣ್ಣಗೆ ಗಂಟಲಿಗಿಳಿಯಿತು. ನಾಲಿಗೆಯ ಬುಡ ಖಾಲಿ. ಸೋಪು ಸೋಪಿನಂತೆ, ಒದ್ದೆ ಕಲ್ಲು ಒದ್ದೆ ಕಲ್ಲಿನಂತೆ. ಅವಳು ನಕ್ಕಳು. ಅತ್ತಳು. ಇನ್ನೊಂದು ಬೊಗಸೆ ಕುಡಿದಳು. ಮಗುವಿನ ನೆತ್ತಿ ಮೂಸಬೇಕು. ಈಗಲೇ. ಮೈ ಒರೆಸಿಕೊಳ್ಳದೆ ಬಟ್ಟೆ ಸುತ್ತಿಕೊಂಡಳು.

ಹೊರಗೆ ಅಕ್ಕ ಕ್ಯಾಕರಿಸಿ ಉಗುಳಿದ ಸದ್ದು.

ಗಿಣಿಯ ಕೈ ಚಿಲಕದ ಮೇಲೆ ನಿಂತಿತು.

"ಲೇ," ಎಂದು ಕೂಗಿದಳು ಅಕ್ಕ, "ಎಷ್ಟು ಚೆನ್ನಾಗಿ ಬರ್ದಿದ್ದೀಯೇ! ಮೂರು ದಿನ ಕೂತು ಇದನ್ನಾ ಬರೀತಿದ್ದೆ? ಹೇಸಿಗೆ ಅನ್ಸಿದ್ರೂ ಬಿಡೋಕಾಗ್ದೆ ಮಗೂಗೂ ಕೇಳೋ ಹಾಗೆ ಗಟ್ಟಿಯಾಗಿ ಓದ್ದೆ, ಪೂರ್ತಿ. ಥೂ, ಬಾಯೆಲ್ಲ ಏನೋ ಒಂಥರಾ." ಮತ್ತೊಮ್ಮೆ ಉಗುಳಿದಳು. ಮತ್ತೆ ಮಾತಾಡಿದಾಗ ದನಿ ಬದಲಾಗಿತ್ತು. "ಈ ಮಗು ಯಾಕೆ ಇಷ್ಟು ನಾರ್ತಿದೆ?"

ಗಿಣಿ ಬಾಗಿಲು ತೆರೆದಳು. ಓಡಿದಳು. ಕಾಲು ಜಾರಿತು. ಮೊಣಕಾಲು ನೆಲಕ್ಕೆ ಬಡಿಯಿತು. ಎದ್ದಳು. ಅಕ್ಕ ಮಗುವನ್ನು ಒಂದೇ ಕೈಯಲ್ಲಿ, ಮೈಗೆ ತಾಗದಂತೆ ದೂರ ಹಿಡಿದಿದ್ದಳು. ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ. ಇನ್ನೊಂದು ಕೈ ಮೂಗಿನ ಮೇಲೆ. ಮಗುವಿನ ತೋಳು ತಿರುಚಿಕೊಂಡಿತ್ತು. ಅದು ಉಸಿರು ಕಟ್ಟಿ ಅಳುತ್ತಿತ್ತು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಅಕ್ಕ ಅತ್ತ ತಿರುಗಿದಳು. ಗಿಣಿ ನೆಗೆದಳು. ಎರಡು ಕೈಯಲ್ಲಿ ಮಗುವನ್ನು ಕಿತ್ತುಕೊಂಡಳು.

ನೆತ್ತಿಯಿಂದ ಹಾಲಿನ ಘಮ ಬಂತು.

ಆ ಘಮಕ್ಕೆ ಅವಳ ಎದೆ ಒಡೆಯಿತು.

ಗೋಡೆಗೆ ಅಂಟಿ ನಿಂತ ಅಕ್ಕನಿಗೆ ಎಲ್ಲವನ್ನೂ ಹೇಳಿದಳು, ಕವಿ, ಅಜ್ಜ, ಅಜ್ಜನ ಹೆಂಡತಿ, ಪೇಟೆಯಾಚೆಯ ಹುಡುಗಿ. ಆಮೇಲೆ ಪುಸ್ತಕ ಹರಿದು ಒಲೆಗೆ ಹಾಕಿ, ಹೊಸ ಹಾಳೆ, ಪೆನ್ನು ತಂದು ಅಕ್ಕನ ಮುಂದೆ ಇಟ್ಟಳು.

"ಬರಿ ಅಕ್ಕಾ. ಬಾಯಿಗೆ ಬಂದದ್ದು ಬರಿ. ನಾನೇ ಓದ್ತೀನಿ, ನಾನೇ ವಾಪಸ್ ತಗೋತೀನಿ."

"ತಗೊಂಡು? ಮಗೂನ ಮತ್ತೆ ಹಂಡೆ ಹತ್ರ ಒಯ್ತೀಯಾ?"

"ಹಾಗಿದ್ರೆ ಬೇರೆ ಯಾರಿಗಾದ್ರೂ..."

"ಯಾರ ಬಾಯಿಗೆ ತುರುಕ್ತೀಯೇ ಇದನ್ನ?" ಅಕ್ಕ ಹಾಳೆಯನ್ನು ಕಾಲಿನಿಂದ ಸರಿಸಿದಳು. ಅವಳ ಹಣೆಯಲ್ಲಿ ಬೆವರು ಹನಿಗಟ್ಟಿತ್ತು. ತಂಗಿಯ ಉಸಿರು ತಾಗದಂತೆ ಮುಖ ತಿರುಗಿಸಿಯೇ ಮಾತಾಡುತ್ತಿದ್ದಳು. "ಆ ಹುಡುಗಿಗೂ ಮನೇಲಿ ಯಾರೋ ಇರ್ತಾರೆ. ನಿನಗೆ ಇಷ್ಟು ಹೊಳೀಲಿಲ್ವಾ? ನಾನು ಸಾಕಿದವಳಾ ನೀನು?"

ಗಿಣಿ ತಲೆ ತಗ್ಗಿಸಿದಳು.

"ಮಗೂನ ಎತ್ಕೊಂಡು ಹೊರಗೆ ಹೋಗು. ಇವತ್ತೇ ಬೇರೆ ಮನೆ ನೋಡು. ದೂರ ನೋಡು. ನೀವಿಬ್ರೂ ಹತ್ರ ಇದ್ರೆ ನನ್ನ ಕೈ ಸುಮ್ನಿರಲ್ಲ."

"ಅಕ್ಕಾ..."

"ಹೋಗೇ! ನಾರ್ತಿದ್ದೀರ ಇಬ್ರೂ!"

ಮಗು ಅಳು ನಿಲ್ಲಿಸಿ ದೊಡ್ಡಮ್ಮನ ಕಡೆಗೆ ಎರಡೂ ಕೈ ಚಾಚಿತು. ಅಕ್ಕನ ಕೈ ತಾನಾಗಿಯೇ ಅರ್ಧದವರೆಗೆ ಬಂತು. ಹೊಟ್ಟೆಯಿಂದ ಓಕರಿಕೆ ಒತ್ತಿ ಬಂದು, ಅದೇ ಕೈಯಿಂದ ಬಾಯಿ ಮುಚ್ಚಿಕೊಂಡಳು. ಒಳಕೋಣೆಗೆ ಹಿಂದೆ ಸರಿಯುತ್ತ ಸರಿಯುತ್ತ ಹೋಗಿ, ಬಾಗಿಲು ಎಳೆದು, ಒಳಗಿನಿಂದ ಚಿಲಕ ಹಾಕಿಕೊಂಡಳು.